ಹುಳಿದ್ರಾಕ್ಷಿಯ ರುಚಿ ಪರೀಕ್ಷೆ

ನಮ್ಮ ಭಾವ ಅಂದಪ್ಪನವರು ಊಟಕ್ಕೆ ಕೂತರೆ, ನೀಡಲು ನಿಂತ ನಮಗೆ ಪರೀಕ್ಷೆ ಬರೆದ ಹಾಗೆ ಎದೆ ಡವಡವ ಎನ್ನುತ್ತಿತ್ತು. ಫಲಿತಾಂಶ ಮಾತ್ರ ಯಾವ ವರ್ಷವೂ ಬರುತ್ತಿರಲಿಲ್ಲ. ಗಂಗಾಳವನ್ನು ಎದೆಯ ಮೇಲಿನ ಲಿಂಗಕ್ಕೆ ತೋರಿಸಿ, ಕಣ್ಣು ಮುಚ್ಚಿ ಅರ್ಪಿಸಿ, ನೀಡಿದ್ದನ್ನು ನೀಡಿದಷ್ಟೇ ಉಣ್ಣುವರು. ಕಡೆಗೆ ಗಂಗಾಳಕ್ಕೆ ನೀರು ಹಾಕಿ, ಅಂಚಿಗೆ ಅಂಟಿದ್ದೆಲ್ಲ ಬಿಡುವಂತೆ ಗರಗರ ತಿರುಗಿಸಿ, ಆ ನೀರನ್ನೂ ಕುಡಿದು ಏಳುವರು. ಉಪ್ಪು ಕಡಿಮೆ ಎಂದವರಲ್ಲ, ಖಾರ ಹೆಚ್ಚಾಯಿತು ಎಂದವರಲ್ಲ. ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಹೆಸರಿಡಬಾರದು, ಅಂದರೆ ಕೊಂಕು ತೆಗೆಯಬಾರದು, ಹೊಗಳಲೂಬಾರದು, ಇನ್ನಷ್ಟು ಬೇಕೆಂದು ಕೈ ಒಡ್ಡಬಾರದು ಎಂಬುದು ಅವರ ಕಟ್ಟುನಿಟ್ಟು. ಗುಡೂರಿನ ಜನ ಇದನ್ನು ಕೇಳಿ 'ಭಾಳ ದೊಡ್ಡ ಮನಷ್ಯಾ' ಎಂದು ಕೈ ಮುಗಿಯುತ್ತಿದ್ದರು. ಹಾಗೆ ಕೈ ಮುಗಿದವರಲ್ಲಿ ಒಬ್ಬರೂ ಅವರಿಗೆ ಅಡಿಗೆ ಮಾಡಿ ಹಾಕಿದವರಲ್ಲ.

ನಾನು ಇಳಕಲ್ಲಿನ ಮಗಳು, ಹೆಸರು ಸಂಗವ್ವ. ಗುಡೂರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾಗಿದ್ದೆ. ತವರಿನಲ್ಲಿ ನನ್ನ ಕೈ ಹೋಳಿಗೆಗೆ ಓಣಿಯೆಲ್ಲ ಬಾಯಿ ಬಿಡುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಆ ಹೋಳಿಗೆ ಮಾಡಿ ನೀಡಿದರೆ ಭಾವನವರು ಎರಡು ಉಂಡು, ಗಂಗಾಳ ತೊಳೆದು ಕುಡಿದು, ಹೆಗಲಿಗೆ ವಸ್ತ್ರ ಹಾಕಿಕೊಂಡು ಹೊರಗೆ ನಡೆದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಭಾವನವರ ಹೆಂಡತಿ, ನನ್ನ ನೆಗೆಣ್ಣಿ ಗುರುಸಿದ್ದವ್ವ, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ಬೆನ್ನು ಸವರಿ, "ಅಳಬ್ಯಾಡ ತಂಗಿ. ನಾನೂ ಕಾಯಾಕತ್ತೇನಿ" ಎಂದಳು.

ಅಕ್ಕನ ಅಡಿಗೆಯಲ್ಲಿ ಎಲ್ಲಾ ಚೆನ್ನ, ಸಾರು ಮಾತ್ರ ಸಪ್ಪೆ. ಹೋಳಿಗೆಯ ದಿನ ಕಟ್ಟಿನ ಸಾರಿಗೂ ಹುಣಸೆಹಣ್ಣನ್ನು ಶಾಸ್ತ್ರಕ್ಕೆಂಬಂತೆ ಒಂದು ಎಸಳು ಹಾಕುವಳು. ಕೇಳಿದರೆ, "ಅವ್ರಿಗೆ ಹುಳಿ ಸೇರಂಗಿಲ್ಲಂತ. ಅತ್ತಿ ಹೇಳಿದ್ರು" ಎನ್ನುವಳು. ಅತ್ತೆ ಯಾವಾಗಲೋ ಲಿಂಗೈಕ್ಯರಾಗಿದ್ದರು, ಅವರನ್ನು ಎಬ್ಬಿಸಿ ಕೇಳುವಂತಿರಲಿಲ್ಲ. ಭಾವನವರನ್ನೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನೀವು ನಮ್ಮ ಭಾವನವರನ್ನು ನೋಡಿಲ್ಲ.

ನನ್ನ ಗಂಡ ಈರಪ್ಪ ಇದಕ್ಕೆ ಪೂರಾ ಉಲ್ಟಾ. ಏನು ನೀಡಿದರೂ 'ಚಲೋ ಆಗೇತಿ' ಎನ್ನುವ ಮನುಷ್ಯ. ಹಳಸಿದ ಪಲ್ಯಕ್ಕೂ ಹಾಗೇ ಅಂದದ್ದರಿಂದ ಅವರ ಹೊಗಳಿಕೆಗೆ ನಮ್ಮ ಮನೆಯಲ್ಲಿ ಬೆಲೆ ಇರಲಿಲ್ಲ. ಆದರೆ ಇಷ್ಟು ಧಾರಾಳವಾಗಿ ಹಂಚುತ್ತಿದ್ದ ಆ ಮಾತನ್ನು ಅಣ್ಣನ ಬಾಯಿಂದ ಒಮ್ಮೆ ಕೇಳಬೇಕೆಂದು ಅವರು ಸಣ್ಣ ಹುಡುಗನಿದ್ದಾಗಿನಿಂದ ಆಸೆ ಇಟ್ಟುಕೊಂಡಿದ್ದರು. ಮೆಟ್ರಿಕ್ ಪಾಸಾದಾಗ ಕೇಳಲಿಲ್ಲ. ಹೊಲದಲ್ಲಿ ಬಾವಿ ತೋಡಿಸಿ ಸಿಹಿನೀರು ಬಂದಾಗಲೂ ಕೇಳಲಿಲ್ಲ. ಅಣ್ಣನ ಮುಂದೆ ಅವರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಲ್ಲುವುದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಎಂಬತ್ತರ ಸುಮಾರಿಗೆ ಸರಕಾರದವರು ನೆಡಲು ಹೊಸ ದ್ರಾಕ್ಷಿ ಬಳ್ಳಿಯ ತುಂಡುಗಳನ್ನು ನಾಲ್ಕೈದು ಊರಿನ ರೈತರಿಗೆ ಕೊಟ್ಟರು. ಬೆಂಗಳೂರಿನ ಕಡೆ ಯಾವುದೋ ತೋಟದಲ್ಲಿ ಎರಡು ಜಾತಿಯ ಬಳ್ಳಿ ಕೂಡಿಸಿ ತೆಗೆದ ಬಿಳಿ ದ್ರಾಕ್ಷಿ. ಹೆಸರು ಇನ್ನೂ ಇರಲಿಲ್ಲ, ಹದಿನೇಳನೇ ನಂಬರು ಎಂದಷ್ಟೇ ಚೀಟಿ ಕಟ್ಟಿದ್ದರು. ನನ್ನ ಗಂಡ ಬಾವಿಯ ಪಕ್ಕದ ಹೊಲದಲ್ಲಿ ಕಲ್ಲಿನ ಕಂಬ ನೆಟ್ಟು, ತಂತಿ ಎಳೆದು ಆ ಬಳ್ಳಿ ಹಬ್ಬಿಸಿದರು. ಚಾಟ್ನಿ ಮಾಡುವಾಗ, ಅಂದರೆ ಹಳೆ ಕಡ್ಡಿ ಕತ್ತರಿಸುವಾಗ, ಒಂದೊಂದು ಬಳ್ಳಿಗೂ 'ಸ್ವಲ್ಪ ತಡಕೋ' ಎಂದು ಸಮಾಧಾನ ಹೇಳುತ್ತಿದ್ದರು. ನನಗೆ ಹೆರಿಗೆ ನೋವು ಬಂದಾಗ ಇಷ್ಟು ಸಮಾಧಾನ ಹೇಳಿದ ನೆನಪಿಲ್ಲ.

ಕಡೆಗೆ ಹಣ್ಣು ಬಂತು. ನೋಡಲು ಚೆಂದ, ಬೆಳಕಿಗೆ ಹಿಡಿದರೆ ಬೀಜ ಕಾಣುವಷ್ಟು ತಿಳಿ. ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವ ಹುಳಿ. ಸಾಲೆಗೆ ಒಂದು ಬುಟ್ಟಿ ಒಯ್ದಿದ್ದೆ. ಬೆಲ್ಲದ ಉಂಡೆ ಎಂದು ಮಣ್ಣು ಕೊಟ್ಟರೂ ತಿನ್ನುವ ನನ್ನ ಹುಡುಗಿಯರು ಇದನ್ನು ಉಗುಳಿದರು. ಕೆರೂರಿನ ಸಂತೆಗೆ ಹೋದ ಬುಟ್ಟಿಗಳು ಹೋದ ಹಾಗೇ ತಿರುಗಿ ಬಂದವು. ಭಾವನವರಂತೂ ಆ ಹಣ್ಣನ್ನು ಬಾಯಿಗೇ ಇಡಲಿಲ್ಲ. ನನ್ನ ಗಂಡ ಬೆಂಗಳೂರಿಗೆ ಒಂದಿಷ್ಟು ಹಣ್ಣು ಕಳಿಸಿ, ಕಾಗದ ಬರೆದು ಕೇಳಿದರೆ ಉತ್ತರ ಬಂತು: ಇದು ತಿನ್ನುವ ಹಣ್ಣಲ್ಲ, ಬಿಳಿ ವೈನ್ ತೆಗೆಯುವ ಹಣ್ಣು.

ಬಸವಣ್ಣನ ಹೆಸರು ಹೇಳಿ ಬದುಕುವ ಮನೆ ನಮ್ಮದು. ಸಾಲದ್ದಕ್ಕೆ ಭಾವನವರು ಮದ್ಯಪಾನ ವಿರೋಧಿ ಸಂಘದ ಅಧ್ಯಕ್ಷರು.

"ಸೆರೆ ಬಳ್ಳಿ ಬೆಳದೇನಲೇ ನಮ್ಮಪ್ಪನ ಹೊಲದಾಗ?" ಎಂದರು ಭಾವನವರು. "ಕಿತ್ತ ಹಾಕು. ಜ್ವಾಳಾ ಬಿತ್ತು."

ನನ್ನ ಗಂಡ ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡಿದವರಲ್ಲ. ಅವತ್ತು ಆಡಿದರು. "ಅಣ್ಣಾ, ನಮ್ಮ ಹಣ್ಣಿನ್ಯಾಗ ಮಾಡಿದ ಒಂದ ಬಾಟ್ಲಿ ತುಗೊಂಡ ಬೆಂಗಳೂರ ಸಾಹೇಬ್ರು ಊರಿಗೆ ಬರ್ತಾರಂತ. ರುಚಿ ನೋಡೋ ಸಭಾ ಮಾಡ್ತಾರಂತ. ಅದರಾಗ ಬ್ಯಾಡಂತ ಆತಂದ್ರ ನನ್ನ ಕೈಯಾರೆ ಕೀಳ್ತೇನಿ." ಮಾತು ಮುಗಿಯುವಷ್ಟರಲ್ಲಿ ಟೊಪ್ಪಿಗೆ ಹಿಂಡಿ ಹಿಪ್ಪೆಯಾಗಿತ್ತು. ಭಾವನವರು ಆಯಿತೆಂದು ಗೋಣು ಹಾಕಿದರು.

ಆದರೆ ರುಚಿ ನೋಡುವವರು ಯಾರು? ಸರಕಾರದ ನಿಯಮದ ಪ್ರಕಾರ ಊರಿನ ಗಣ್ಯರೇ ನೋಡಬೇಕು. ಗುಡೂರಿನಲ್ಲಿ ಗಣ್ಯ ಎನ್ನಿಸಿಕೊಳ್ಳಬೇಕಾದರೆ ಮದ್ಯಪಾನ ವಿರೋಧಿ ಸಂಘದಲ್ಲಿ ಇರಲೇಬೇಕು. ಹೀಗಾಗಿ ಊರಿನಲ್ಲಿ ಸೆರೆ ಕುಡಿಯಬಾರದೆಂದು ಭಾಷಣ ಮಾಡುವವರನ್ನೇ ಹುಡುಕಿ ಸೆರೆಯ ರುಚಿ ನೋಡಲು ನೇಮಿಸಿದರು. ಭಾವನವರು ಅಧ್ಯಕ್ಷರು. ಸೀರೆ ವ್ಯಾಪಾರದ ಲಕ್ಷ್ಮಪ್ಪ ಒಬ್ಬ ಸದಸ್ಯ. ಈತ ಸೀರೆ ಮಾರಲು ಪದೇ ಪದೇ ಸೊಲ್ಲಾಪುರಕ್ಕೆ ಹೋಗಿ, ಪ್ರತಿ ಸಲ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಬಸ್ಸಿನ ಧೂಳು ಎನ್ನುತ್ತಿದ್ದ. ಇನ್ನೊಬ್ಬರು ಕುರಿ, ಕಂಬಳಿ ವ್ಯವಹಾರದ ಮಲಕಪ್ಪ. ಬೀರಪ್ಪನ ಭಕ್ತರು, ಸೊಂಟದ ಚೀಲದಲ್ಲಿ ದೇವರ ಅರಿಶಿನ ಪುಡಿ, ಅಂದರೆ ಭಂಡಾರ, ಇಲ್ಲದೆ ಹೊಸ್ತಿಲು ದಾಟಿದವರಲ್ಲ.

ಭಾವನವರು ಇದಕ್ಕೆ ಒಪ್ಪಿದ್ದೇ ಆಶ್ಚರ್ಯ ಎಂದುಕೊಂಡಿದ್ದೆ. ಅಕ್ಕ ಕಾರಣ ಹೇಳಿದಳು. ರುಚಿ ನೋಡುವವರು ನುಂಗುವುದಿಲ್ಲವಂತೆ, ಬಾಯಲ್ಲಿ ಆಡಿಸಿ ಉಗುಳುತ್ತಾರಂತೆ. ಸಂಘದ ನಿಯಮದಲ್ಲಿ ಕುಡಿಯಬಾರದು ಎಂದಿದೆಯೇ ಹೊರತು ಬಾಯಿ ಮುಕ್ಕಳಿಸಬಾರದು ಎಂದಿಲ್ಲ. ಒಂದು ಗುಟುಕು ಮುಕ್ಕಳಿಸಿ, ಉಗುಳಿ, 'ಯೋಗ್ಯ ಅಲ್ಲ' ಎಂದು ಹೇಳಿಬಿಟ್ಟರೆ ಬಳ್ಳಿಯೂ ಹೋಯಿತು, ಮನೆಯ ಮರ್ಯಾದೆಯೂ ಉಳಿಯಿತು. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಗಂಡನಿಗೆ ಹೇಳಲು ಹೋದರೆ ಅವರು ಬಳ್ಳಿಗೆ ನೀರು ಬಿಡುತ್ತ, "ಅಣ್ಣ ಸುಳ್ಳ ಹೇಳಂಗಿಲ್ಲ. ಚಲೋ ಇದ್ರ ಚಲೋ ಅಂತಾನ" ಎಂದರು. ನಾನು ಹೇಳಬೇಕೆಂದದ್ದನ್ನು ಅಲ್ಲೇ ಬಿಟ್ಟು ಮನೆಗೆ ತಿರುಗಿದೆ.

ಬೆಂಗಳೂರಿನ ಸಾಹೇಬರು ಯುಗಾದಿ ಕಳೆದ ಮೇಲೆ ಬಂದರು. ತೆಳ್ಳಗಿನ, ಕನ್ನಡಕದ, ತುಂಬಾ ಸಭ್ಯ ಮನುಷ್ಯ. ಉದ್ದ ಕಾಲಿನ ಗಾಜಿನ ಲೋಟಗಳನ್ನು ಅರಿವೆಯಲ್ಲಿ ಸುತ್ತಿ ತಂದಿದ್ದರು. ಬಾದಾಮಿಯಿಂದ ಬರುವ ಬಸ್ಸು ಅರ್ಧಕ್ಕರ್ಧ ಒಡೆದು, ಮೂರು ಉಳಿಸಿತ್ತು. ಬಾಟಲಿ ತಣ್ಣಗಿರಬೇಕು ಎಂದರು. ಅಕ್ಕ ಅದನ್ನು ಅಡಿಗೆ ಮನೆಗೆ ಬಿಟ್ಟುಕೊಳ್ಳದೆ, ಹಿತ್ತಲಿನ ನೀರಿನ ಹರವಿಯ ಕೆಳಗಿನ ಹಸಿ ಉಸುಕಿನಲ್ಲಿ ಕುತ್ತಿಗೆ ಮಟ ಹೂತಿಟ್ಟಳು.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಮೂವರು ಗಣ್ಯರು ಗೋಡೆಗೆ ಒರಗಿ ಕೂತರು. ನಡುವೆ ನಮ್ಮ ಮಾವನವರ ಕಾಲದ ಹಿತ್ತಾಳೆಯ ಪೀಕದಾನಿ ಫಳಫಳ ಹೊಳೆಯುತ್ತಿತ್ತು. ನನ್ನ ಗಂಡ ಬಾಟಲಿ ಹಿಡಿದು ಕಂಬದ ಹತ್ತಿರ ನಿಂತರು. ನಾನೂ ಅಕ್ಕನೂ ಅಡಿಗೆ ಮನೆಯ ಬಾಗಿಲ ಸಂದಿಗೆ ಕಣ್ಣು ಹಚ್ಚಿದ್ದೆವು.

ಸಾಹೇಬರು ಮೊದಲು ತಾವು ಮಾಡಿ ತೋರಿಸಿದರು. ಲೋಟ ಎತ್ತಿ ಬಣ್ಣ ನೋಡಿದರು. ತಿರುಗಿಸಿ ಮೂಗು ಒಳಗಿಟ್ಟರು. ಒಂದು ಗುಟುಕು ತೆಗೆದುಕೊಂಡು ಗಳಗಳ ಆಡಿಸಿ ಪೀಕದಾನಿಗೆ ಉಗುಳಿದರು. "ಇದರಲ್ಲಿ ನಿಂಬೆ ಸಿಪ್ಪೆಯ ಪರಿಮಳ ಇದೆ. ಹಸಿ ಹುಲ್ಲು ಇದೆ. ಕೊನೆಯಲ್ಲಿ ಮಳೆಗೆ ತೊಯ್ದ ಕಲ್ಲಿನ ರುಚಿ ಬರುತ್ತದೆ."

"ಯಾವ ಕಲ್ರಿ?" ಎಂದರು ಮಲಕಪ್ಪ. "ಬಾದಾಮಿ ಕಲ್ಲೋ, ಇಳಕಲ್ ಕಲ್ಲೋ?"

ಸಾಹೇಬರು ಇಷ್ಟು ಆಳಕ್ಕೆ ಯೋಚಿಸಿರಲಿಲ್ಲ. "ನೀವೇ ನೋಡಿ ಹೇಳಬೇಕು" ಎಂದರು. "ಒಂದೇ ಗುಟುಕು. ಯಾರೂ ನುಂಗಬೇಕಾಗಿಲ್ಲ."

"ನುಂಗೂದ ಬ್ಯಾಡನ್ರಿ?" ಎಂದ ಲಕ್ಷ್ಮಪ್ಪ. ಮಗಳ ಮದುವೆ ಮುರಿದುಬಿದ್ದವರ ದನಿ ಅದು.

ಸಾಹೇಬರು ತಮ್ಮ ಲೋಟ ತೊಳೆಸಿ, ಮೂರನ್ನೂ ಸಾಲಾಗಿ ಇಟ್ಟರು. ನನ್ನ ಗಂಡ ಬಗ್ಗಿ ಮೂರಕ್ಕೂ ಹಾಕಿದರು. ಭಾವನವರು ಹಿರಿಯರು, ಅವರೇ ಮೊದಲು. ಅವರು ಸಂಘದ ಭಾಷಣಕ್ಕೆ ನಿಂತಾಗಿನ ಮುಖ ಮಾಡಿಕೊಂಡು, ಪೀಕದಾನಿಯನ್ನು ಹತ್ತಿರ ಎಳೆದುಕೊಂಡು, ಲೋಟ ಎತ್ತಿದರು.

ಆದರೆ ಅವರ ಕೈಗೆ ಸಂಘದ ನಿಯಮ ಗೊತ್ತಿರಲಿಲ್ಲ. ಕುಡಿಯುವ ನೀರಿರಲಿ, ದವಾಖಾನೆಯ ಕಹಿ ಔಷಧವಿರಲಿ, ಬಾಯಿಗೆ ಹೋಗುವುದೆಲ್ಲ ಮೊದಲು ಎದೆಗೆ ಹೋಗಿ ಬರಬೇಕೆಂಬುದಷ್ಟೇ ಆ ಕೈಗೆ ಗೊತ್ತು. ಲೋಟ ಹಿಡಿದ ಕೈ ತಾನಾಗಿ ಲಿಂಗದ ಮುಂದೆ ಹೋಗಿ ನಿಂತಿತು. ಕಣ್ಣು ತಾನಾಗಿ ಮುಚ್ಚಿತು. ತುಟಿ ಅಲುಗಿತು. ಆಮೇಲೆ ಲೋಟ ಬಾಯಿಗೆ ಹೋಯಿತು.

ಅಕ್ಕ ನನ್ನ ತೋಳು ಚಿವುಟಿದಳು. "ತಂಗಿ, ಅರ್ಪಸಿ ಬಿಟ್ರಲ್ಲ!"

ಭಾವನವರು ಗಲ್ಲ ಉಬ್ಬಿಸಿ ಪೀಕದಾನಿಯ ಕಡೆ ಕುತ್ತಿಗೆ ತಿರುಗಿಸಿದವರು ಹಾಗೇ ಸ್ತಬ್ಧರಾದರು. ಏನಾಯಿತೆಂದು ಅವರಿಗೂ ಹೊಳೆಯಿತು. ಕಣ್ಣು ದೊಡ್ಡವಾದವು.

"ಉಗುಳಿ, ಉಗುಳಿ" ಎಂದರು ಸಾಹೇಬರು ಅಕ್ಕರೆಯಿಂದ.

ಪ್ರಸಾದವನ್ನು ಪೀಕದಾನಿಗೆ ಉಗುಳುವುದುಂಟೇ? ಭಾವನವರು ನುಂಗಿದರು. ಅಷ್ಟಕ್ಕೇ ಮುಗಿಯಲಿಲ್ಲ. ಲೋಟದಲ್ಲಿ ಉಳಿದದ್ದೂ ಪ್ರಸಾದವೇ, ಬಿಡುವಂತಿಲ್ಲ. ಅದನ್ನೂ ಕುಡಿದರು. ಅಂಚಿಗೆ ಅಂಟಿದ್ದೂ ಪ್ರಸಾದವೇ. ಚೊಂಬಿನಿಂದ ಒಂದಿಷ್ಟು ನೀರು ಹಾಕಿ, ಗಾಜಿನ ಲೋಟವನ್ನು ಗರಗರ ತಿರುಗಿಸಿ, ಬೆಳಕಿಗೆ ಹಿಡಿದು ಏನಾದರೂ ಉಳಿದಿದೆಯೇ ನೋಡಿ, ಅದನ್ನೂ ಕುಡಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಂಥ ಕೈ! ಮಣಿಕಟ್ಟು ಹೇಗೆ ತಿರುಗಿಸುತ್ತಾರೆ ನೋಡಿ. ನಾವು ಮೊದಲು ತಿರುಗಿಸುತ್ತೇವೆ, ಇವರು ಕೊನೆಗೆ ನೀರು ಬೆರೆಸಿ ತಿರುಗಿಸುತ್ತಾರೆ. ಈ ಪದ್ಧತಿ ನಾನು ಎಲ್ಲೂ ನೋಡಿಲ್ಲ. ಎಷ್ಟು ವರ್ಷದ ಅಭ್ಯಾಸ ಸರ್?"

"ದೀಕ್ಷಾ ಆದಾಗಿಂದ" ಎಂದರು ಭಾವನವರು ಸಂಕಟದಿಂದ.

ಅಧ್ಯಕ್ಷರೇ ಪ್ರಸಾದ ಮಾಡಿದ ಮೇಲೆ ಅದೇ ಬಾಟಲಿಯದನ್ನು ಉಳಿದವರು ಉಗುಳುವುದು ಹೇಗೆ? ಲಕ್ಷ್ಮಪ್ಪ ಭಕ್ತಿಯಿಂದ ಕಣ್ಣು ಮುಚ್ಚಿ, ಲಿಂಗಕ್ಕೆ ತೋರಿಸಿ, ಒಂದೇ ಗುಟುಕಿಗೆ ಲೋಟ ಬರಿದು ಮಾಡಿದ. ಅಂಥ ಭಕ್ತಿಯನ್ನು ಅವನಲ್ಲಿ ಮಠದಲ್ಲೂ ಯಾರೂ ಕಂಡಿರಲಿಲ್ಲ. ಮಲಕಪ್ಪ, "ನಮ್ಮ ಬೀರಪ್ಪಗ ತಪ್ಪಸಾಕ ಬರ್ತೈತೇನ್ರಿ?" ಎಂದು ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ತಮ್ಮ ಲೋಟಕ್ಕೆ ಉದುರಿಸಿ ಕುಡಿಯತೊಡಗಿದರು. ಆ ಲೋಟದ ವೈನ್ ಅರಿಶಿನದ ಬಣ್ಣಕ್ಕೆ ತಿರುಗಿದ್ದನ್ನು ಆಗಷ್ಟೇ ಗಮನಿಸಿದ ಸಾಹೇಬರು 'ಬಂಗಾರದ ಹೊಳಪು' ಎಂದು ಬರೆದುಕೊಂಡರು. ಪೀಕದಾನಿಗೆ ಅವತ್ತು ಸಾಹೇಬರೊಬ್ಬರೇ ಗಿರಾಕಿ.

"ಈಗ ಹೇಳಿ ಅಧ್ಯಕ್ಷರೇ. ಹೇಗಿದೆ?" ಎಂದು ಸಾಹೇಬರು ಪೆನ್ನು ಸಿದ್ಧ ಮಾಡಿಕೊಂಡರು.

ಭಾವನವರು ಬಾಯಿ ತೆರೆದು ಮುಚ್ಚಿದರು. 'ಯೋಗ್ಯ ಅಲ್ಲ' ಎಂಬ ಮಾತನ್ನು ಅವರು ವಾರದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು. ಈಗ ಅದು ಹೊರಡುವಂತಿರಲಿಲ್ಲ. "ಪ್ರಸಾದಕ್ಕ ಹೆಸರಿಡೂ ಹಂಗಿಲ್ರಿ."

"ಹಾಗಾದರೆ ಚೆನ್ನಾಗಿದೆ ಎಂದು ಬರೆಯಲೇ?"

"ಹೊಗಳೂ ಹಂಗೂ ಇಲ್ಲ."

ಸಾಹೇಬರು ಉಳಿದಿಬ್ಬರ ಕಡೆ ನೋಡಿದರು. ಅಧ್ಯಕ್ಷರು ಹೇಳಿದ್ದೇ ನಮ್ಮ ಮಾತು ಎಂದು ಇಬ್ಬರೂ ಕೈ ಮುಗಿದರು. ಸಾಹೇಬರು ಪಾಪ, ನಿಜಕ್ಕೂ ನೊಂದುಕೊಂಡರು. "ದಯವಿಟ್ಟು ಏನಾದರೂ ಹೇಳಿ ಸರ್. ಸಭೆ ಅಭಿಪ್ರಾಯ ಹೇಳದಿದ್ದರೆ ಬೇಡವೆಂದೇ ಲೆಕ್ಕ. ಈ ಊರಿಗೆ ಈ ತಳಿ ಆಗಿಬರುವುದಿಲ್ಲ ಎಂದು ಬರೆದು ನಾನು ಹೋಗಬೇಕಾಗುತ್ತದೆ."

ಲಕ್ಷ್ಮಪ್ಪ ಭಾವನವರ ಕಿವಿಯ ಹತ್ತಿರ ಬಗ್ಗಿ, ನಮಗೂ ಕೇಳುವಷ್ಟು ಮೆಲ್ಲಗೆ, "ಸುಮ್ನ ಕುಂಡರ್ರಿ ಅಂದಪ್ಪಣ್ಣಾರ. ಬಾಯಿ ಬಿಡದ ಕೆಲಸ ಆಗ್ತೈತಿ" ಎಂದ.

ಹೌದಲ್ಲ! ಹೆಸರಿಡುವುದೂ ಬೇಡ, ಹೊಗಳುವುದೂ ಬೇಡ. ಮನೆಯಲ್ಲಿ ಇಷ್ಟು ವರ್ಷ ಕೂತ ಹಾಗೆ ಇನ್ನೊಂದು ಗಳಿಗೆ ಸುಮ್ಮನೆ ಕೂತರೆ ಸಾಕು, ಬಳ್ಳಿ ತಾನಾಗಿ ಬುಡ ಸಮೇತ ಮೇಲೆ ಬರುತ್ತದೆ. ಸುಮ್ಮನೆ ಕೂರುವುದರಲ್ಲಂತೂ ನಮ್ಮ ಭಾವನವರನ್ನು ಮೀರಿಸಿದವರು ಮೂರು ತಾಲೂಕಿನಲ್ಲಿ ಇರಲಿಲ್ಲ. ನಾನು ನನ್ನ ಗಂಡನ ಮುಖ ನೋಡಿದೆ. ಅವರಿಗೂ ಅರ್ಥವಾಗಿತ್ತು. ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು, ಅಣ್ಣನ ತುಟಿಯನ್ನೇ ನೋಡುತ್ತಿದ್ದರು. ಆಗ ನನಗೆ ಹೊರಗೆ ನುಗ್ಗಿ ಭಾವನವರ ಹೆಗಲು ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಹೇಳಿದರೆ ತಪ್ಪೇನಿಲ್ಲ, ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹೇಸಿಗೆಯೇ ಬಂದಿತ್ತು.

ಸಾಹೇಬರು ನಿಟ್ಟುಸಿರು ಬಿಟ್ಟು ಪೆನ್ನು ಕಾಗದಕ್ಕೆ ಇಟ್ಟರು.

ಭಾವನವರು ಖಾಲಿ ಲೋಟವನ್ನು ನೋಡಿದರು. ತಮ್ಮನನ್ನು ನೋಡಿದರು. ಮತ್ತೆ ಲೋಟವನ್ನು ನೋಡಿದರು. ಆಮೇಲೆ ಆ ಲೋಟ ಹಿಡಿದ ಕೈಯನ್ನು ಉದ್ದಕ್ಕೆ ಚಾಚಿದರು.

"ಈರ್ಯಾ, ಇನ್ನೊಂದೀಟ ನೀಡು."

ನನ್ನ ಗಂಡನಿಗೆ ಮೊದಲು ಕೇಳಿಸಲೇ ಇಲ್ಲ. ಭಾವನವರು ಲೋಟ ಅಲುಗಿಸಿದ ಮೇಲೆ ಎಚ್ಚರವಾದವರ ಹಾಗೆ ಮುಂದೆ ಬಂದರು. ಅಂಚಿನ ತನಕ ಹಾಕಿದರು, ಒಂದು ಹನಿ ಕೆಳಗೆ ಬೀಳಿಸಲಿಲ್ಲ. ಕಣ್ಣಿಂದ ಎರಡು ಹನಿ ಜಮಖಾನೆಗೆ ಬಿದ್ದವು.

"ಈಗ ಬರಕೋರಿ ಸಾಹೇಬ್ರ, ನಿಮಗ ಹೆಂಗ ತಿಳೀತೈತಿ ಹಂಗ" ಎಂದರು ಭಾವನವರು.

ಸಾಹೇಬರು ಉತ್ತಮ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಲಕ್ಷ್ಮಪ್ಪನೂ ಕೂಡಲೇ ಮನಸ್ಸು ಬದಲಿಸಿ ಲೋಟ ಮುಂದೆ ಹಿಡಿದ. ಬಳ್ಳಿ ಉಳಿಯಿತು. ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಅಧ್ಯಕ್ಷರು ಸೆರೆ ಕುಡಿದರೆಂದು ಯಾರೂ ಚಕಾರ ಎತ್ತಲಿಲ್ಲವಂತೆ. ರುಚಿ ನೋಡುವ ಸಭೆಗೆ ಇನ್ನೂ ನಾಲ್ಕು ಜನ ಗಣ್ಯರು ಸಾಕಾಗಬಹುದೇ ಎಂದಷ್ಟೇ ಚರ್ಚೆಯಾಯಿತಂತೆ.

ಅದೆಲ್ಲ ಆಮೇಲಿನ ಮಾತು. ಅವತ್ತು ನನ್ನ ಗಂಡ ಅಡಿಗೆ ಮನೆಯ ಬಾಗಿಲಿಗೆ ಬಂದು, ಬಾಟಲಿ ನನ್ನ ಕೈಗೆ ಕೊಟ್ಟು, "ನೋಡಿದೇನ? ನನ್ನ ಸಲುವಾಗಿ ಕೇಳಿದ ಅಣ್ಣ" ಎಂದು ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡು ಹೊಲದ ಕಡೆ ಹೋದರು. ಬಾಗಿಲ ಸಂದಿಯಿಂದ ಇನ್ನೊಮ್ಮೆ ನೋಡಿದೆ. ಮೊದಲನೇ ಲೋಟವನ್ನು ಔಷಧದ ಹಾಗೆ ಕುಡಿದಿದ್ದ ಭಾವನವರು ಎರಡನೆಯದನ್ನು ಸಣ್ಣ ಸಣ್ಣ ಗುಟುಕು ಮಾಡಿ, ಪ್ರತಿ ಗುಟುಕಿಗೂ ನಾಲಿಗೆ ಚಪ್ಪರಿಸಿ, ಕಣ್ಣು ಮುಚ್ಚಿ ತೆರೆದು ಕುಡಿಯುತ್ತಿದ್ದರು. ತಮ್ಮನ ಸಲುವಾಗಿ ಕುಡಿಯುವವರು ಹೀಗೆ ಚಪ್ಪರಿಸುವುದಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. "ಅಕ್ಕಾ, ನನ್ನ ಹೋಳಿಗಿಗೆ ಒಂದ ದಿನಾ ಇನ್ನೊಂದ ನೀಡ ಅಂದಿಲ್ಲ. ಇದಕ್ಕ ಕೈ ಒಡ್ಡಿದ್ರಲ್ಲ! ಏನೈತಿ ಇದರಾಗ ಅಂಥಾದ್ದು?"

ಅಕ್ಕ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತಳದಲ್ಲಿ ಉಳಿದಿದ್ದಷ್ಟನ್ನು ಬಟ್ಟಲಿಗೆ ಸುರಿದುಕೊಂಡು, ತನ್ನ ಲಿಂಗಕ್ಕೆ ತೋರಿಸಿ, ಬಾಯಿಗೆ ಹಾಕಿಕೊಂಡಳು. ಮುಖವೆಲ್ಲ ಕಿವುಚಿತು. ಒಂದು ಕಣ್ಣು ಮುಚ್ಚಿಯೇ ಹೋಯಿತು. ನುಂಗಿ, ಬಟ್ಟಲು ತೊಳೆದು ಕುಡಿದು, ಪಡಸಾಲೆಯಲ್ಲಿ ಕೂತ ತನ್ನ ಗಂಡನನ್ನೇ ನೋಡಿದಳು.

"ಹುಳಿ" ಎಂದಳು. "ಬರೇ ಹುಳಿ, ತಂಗಿ. ಈ ಮನಷ್ಯಾಗ ಹುಳಿ ಅಂದ್ರ ಜೀವ."

ಬಟ್ಟಲನ್ನು ಒಲೆಯ ಪಕ್ಕ ಬೋರಲು ಹಾಕಿದಳು.

"ಈ ಮನಿಗೆ ಬಂದಾಗಿಂದ ಸಾರಿಗೆ ಹುಣಸಿಹಣ್ಣ ಕಡಿಮಿ ಹಾಕ್ಕೋಂತ ಬಂದೇನಲ್ಲ ನಾನು."

ಅವಳು ಅಳುತ್ತಾಳೆ ಎಂದುಕೊಂಡು ನಾನು ಹತ್ತಿರ ಸರಿದೆ. ಅವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಟ್ಟದ ಮೇಲಿನ ಹುಣಸೆಹಣ್ಣಿನ ಗಡಿಗೆಯನ್ನು ಕೆಳಗಿಳಿಸಿ, ಮುಚ್ಚಳ ತೆಗೆದು, ಮೊಣಕೈ ಮಟ ಕೈ ಹಾಕಿದಳು.